ಕತ್ತರಿ ತಟ್ಟುತ್ತಿದ್ದವಳು

ಮೊನ್ನೆ ಮೊಮ್ಮಗಳು ಆಫೀಸಿನಿಂದ ಕಿತ್ತಳೆ ಕ್ರೀಮಿನ ಬಿಸ್ಕತ್ತು ತಂದು ನನ್ನ ಮುಂದಿಟ್ಟಳು. ಪೊಟ್ಟಣ ಬಿಡಿಸಿದ್ದೇ ತಡ, ಆ ವಾಸನೆಗೆ ಅದನ್ನು ಆಚೆ ತಳ್ಳಿದೆ.

"ಎಲ್ಲಿಂದೇ ಇದು?"

"ಟ್ರೈನಿಂಗ್ ಇತ್ತಜ್ಜಿ. ಕೆಲ್ಸದ ಜಾಗ್ದಾಗೆ ಗಂಡಸ್ರು ಎಣ್ಮಕ್ಳಿಗೆ ಕಾಟ ಕೊಡ್ಬಾರ್ದು ಅಂತ. ಮುಗುದ್ಮ್ಯಾಕೆ ಕೊಟ್ರು."

ಎಲ್ಲ ಕಡೆ ಇದೇ ಬಿಸ್ಕತ್ತು ಅಂತ ಕಾಣುತ್ತೆ...

ಮೊಮ್ಮಗಳು ಇನ್ನೂ ಶಾಲೆಗೆ ಹೋಗುತ್ತಿದ್ದಾಗ ನಾನು ಬಂಗಾರಪೇಟೆ ಹತ್ತಿರದ ಒಂದು ಗಾರ್ಮೆಂಟ್ಸಿನಲ್ಲಿ ಹೊಲಿದ ಅಂಗಿಗಳ ದಾರದೆಳೆ ಕತ್ತರಿಸುತ್ತಿದ್ದೆ. ಪಕ್ಕದ ಮಿಷನ್ನಿನಲ್ಲಿ ಕಾಲರ್ ಹೊಲಿಯುತ್ತಿದ್ದವಳು ಬೂದಿಕೋಟೆ ಕಡೆಯವಳು. ನಗು ಜೋರು, ಬಾಯಿ ಇನ್ನೂ ಜೋರು. ನಮ್ಮ ಸೂಪರ್‌ವೈಸರ್ ಹೊಲಿಗೆ ನೋಡುವ ನೆಪದಲ್ಲಿ ಹಿಂದಿನಿಂದ ಬಂದು ಮೈಮೇಲೆ ಬಗ್ಗುತ್ತಿದ್ದ. ಅವನ ಪಾನ್ ಮಸಾಲೆ ಉಸಿರು ಕುತ್ತಿಗೆಗೆ ತಾಗುತ್ತಿತ್ತು. ಥೂ! ಎರಡು ಕೈಯೂ ಬಟ್ಟೆ ಹಿಡಿದಿರುವಾಗ ಹೆಂಗಸು ಏನು ಮಾಡಿಯಾಳು?

ಮಿಷನ್ ಸದ್ದಿನಲ್ಲಿ ಅವನ ಹೆಜ್ಜೆ ಕೇಳುತ್ತಿರಲಿಲ್ಲ. ಅದಕ್ಕೆ ಇವಳೇ ಉಪಾಯ ಹುಡುಕಿದಳು. ಅವನು ಕಂಡ ಕೂಡಲೇ ದಾರದ ಕತ್ತರಿಯಿಂದ ಮಿಷನ್ನಿನ ಕಬ್ಬಿಣಕ್ಕೆ ಟಕಟಕ. ಅವಳು ತಟ್ಟಿದರೆ ಮುಂದಿನವಳು, ಅವಳ ಮುಂದಿನವಳು... ಇಡೀ ಲೈನಿನ ಸೆರಗು ಸರಿಯಾಗುತ್ತಿತ್ತು.

"ಅಂದಿ ಬಂತು ಕಣಕ್ಕೋ" ಎಂದು ಅವನಿಗೆ ಹಂದಿಯೆಂದೇ ಹೆಸರಿಟ್ಟು ನನ್ನ ಕಡೆ ಕಣ್ಣು ಹೊಡೆಯುತ್ತಿದ್ದಳು.

ಒಂದು ದಿನ ಊಟದ ಕೋಣೆಯಲ್ಲಿ ಇಂಥದ್ದೇ ಟ್ರೈನಿಂಗ್ ಇಟ್ಟರು. ಬೆಂಗಳೂರಿನಿಂದ ಒಬ್ಬರು ಮೇಡಂ ಬಂದಿದ್ದರು. ದೂರು ಕೇಳುವ ಸಮಿತಿಯಲ್ಲಿ ಯಾರಿದ್ದ ಗೊತ್ತೇ? ಅದೇ ಸೂಪರ್‌ವೈಸರ್! ಹಲ್ಲು ಕಿರಿಯುತ್ತಾ ಈ ಕಿತ್ತಳೆ ಬಿಸ್ಕತ್ತನ್ನು ಹಂಚಿದವನೂ ಅವನೇ.

ಯಾರಾದರೂ ಏನಾದರೂ ಹೇಳಬೇಕೇ ಎಂದು ಮೇಡಂ ಕೇಳಿದಾಗ ಇವಳು ಎದ್ದು ನಿಂತಳು.

"ನಾನೇಳ್ತೀನಿ ಮೇಡಂ. ಬಿಸ್ಕತ್ತು ಅಂಚಿದ್ನಲ್ಲ, ಆ ಕೈಯೇ ನಮ್ ಮೈಮ್ಯಾಕೆ ಬತ್ತದೆ. ನಾಳೆಯಿಂದ ಅವ್ನು ನಮ್ ಲೈನಿಗೆ ಬರ್ಬಾರ್ದು."

ಮ್ಯಾನೇಜರ್ ಎದ್ದು, "ಇನ್ಯಾರು ಕಂಡಿದ್ದೀರಿ?" ಎಂದು ಗದರಿದ. ಬಾಯಿ ಬಿಟ್ಟರೆ ಕೆಲಸ ಹೋದಂತೆಯೇ. ನಾನು ಟೀ ಲೋಟ ಎತ್ತಿ ಮೇಜಿಗೆ ತಟ್ಟಿದೆ, ಟಕಟಕ. ಪಕ್ಕದವಳು ತಟ್ಟಿದಳು. ಇಡೀ ಕೋಣೆಯೇ ತಟ್ಟಿತು. ನಮ್ಮ ಸಾಕ್ಷಿ ಅದೇ.

ಮೇಡಂ ಅದನ್ನು ಚಪ್ಪಾಳೆ ಅಂದುಕೊಂಡರೋ, ಹಾಗಂದುಕೊಳ್ಳುವುದೇ ಸುಖ ಅಂತ ಕಂಡಿತೋ... "ಎಲ್ಲರಿಗೂ ಟ್ರೈನಿಂಗ್ ಇಷ್ಟವಾಗಿದೆ" ಎಂದು ನಕ್ಕು, ನಮ್ಮನ್ನೆಲ್ಲ ನಿಲ್ಲಿಸಿ ಫೋಟೊ ತೆಗೆಸಿದರು. ನೆನೆದರೆ ಈಗಲೂ ಉಗಿಯಬೇಕು ಅನ್ನಿಸುತ್ತೆ.

ಮರುದಿನ ಮ್ಯಾನೇಜರ್ ಅವಳನ್ನು ಕರೆಸಿ, "ಟ್ರೈನಿಂಗ್ ಕೊಟ್ಟಾಯ್ತಲ್ಲಮ್ಮ. ಕಂಪನಿ ತನ್ನ ಕೆಲಸ ಮಾಡಿದೆ. ಇನ್ನು ಕಂಪನಿ ಮೇಲೆ ಏನೂ ಬರಲ್ಲ. ನಿಂಗೆ ಸಾಕ್ಷಿನೂ ಇಲ್ಲ" ಅಂದನಂತೆ. ಸೂಪರ್‌ವೈಸರ್ ಲೈನಿನಲ್ಲೇ ಉಳಿದ. ಇವಳನ್ನು ಇಸ್ತ್ರಿ ವಿಭಾಗದ ಹಬೆಗೆ ತಳ್ಳಿದರು. ಅಲ್ಲಿಗೂ ಅವನು ಹೋಗುತ್ತಿದ್ದ. ಅಲ್ಲಿ ತಟ್ಟುವವರು ಯಾರೂ ಇರಲಿಲ್ಲ... ಸ್ವಲ್ಪ ದಿನಕ್ಕೆ ಕೆಲಸ ಬಿಟ್ಟಳು.

ಹೋಗುವಾಗ ಕತ್ತರಿಯನ್ನು ನನ್ನ ಕೈಗಿಟ್ಟು, "ನೀನು ತಟ್ತಾ ಇರಕ್ಕ, ನಿಲ್ಲಿಸ್ಬ್ಯಾಡ" ಅಂದಳು. ನಗಲಿಲ್ಲ.

ಹೋದ ವರ್ಷ ತೀರಿಕೊಂಡಳಂತೆ. ಬೂದಿಕೋಟೆ ಬಸ್ಸಿನಲ್ಲಿ ಯಾರೋ ಹೇಳಿದರು. ಮಣ್ಣಿಗೂ ಹೋಗಲಾಗಲಿಲ್ಲ.

ಇವತ್ತು ಬೆಳಿಗ್ಗೆ ಮೊಮ್ಮಗಳು ಬೆಂಗಳೂರಿಗೆ ಹೋಗುವ ಮಾರಿಕುಪ್ಪಂ ರೈಲಿಗೆ ಹೊರಟಾಗ ಆ ಕತ್ತರಿಯನ್ನು ಕರ್ಚೀಫಿನಲ್ಲಿ ಸುತ್ತಿ ಅವಳ ಬ್ಯಾಗಿಗೆ ಹಾಕಿದೆ. ಅವಳದು ಅಲ್ಲಿ ದಿನವಿಡೀ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಗಿರಾಕಿಗಳ ಫೋನಿಗೆ ಉತ್ತರ ಹೇಳುವ ಕೆಲಸ. "ಅಂಥವ್ನು ಯಾವನಾದ್ರೂ ಬಂದ್ರೆ ಮೇಜಿಗೆ ತಟ್ಟೇ, ಪಕ್ಕದೋಳು ಎಚ್ಚರ ಆಗ್ತಾಳೆ" ಅಂದೆ.

ಅವಳು ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. ಬ್ಯಾಗಿನ ಜಿಪ್ಪು ಎಳೆದುಕೊಂಡು ಮೆಲ್ಲಗೆ ಹೇಳಿದಳು:

"ಯಾರಿಗ್ ಕೇಳ್ಸುತ್ತಜ್ಜಿ? ಅಲ್ಲಿ ಎಲ್ರೂ ಕಿವಿ ಮುಚ್ಕೊಂಡೇ ಕೂತಿರ್ತೀವಿ."