ಕೈಗವಸಿನಲ್ಲೂ ಬಿಚ್ಚಿಕೊಳ್ಳುವ ಚಾಕು

ಬಿರುಬೇಸಿಗೆಯ ಮಧ್ಯಾಹ್ನ, ಕಾಗೆಗಳು ಕೂಡ ಬಾಯಿ ತೆರೆದುಕೊಂಡು ನೆರಳಲ್ಲಿ ಕೂತಿರುವಾಗ, ಒಬ್ಬ ಹೆಂಗಸು ಮೊಣಕೈವರೆಗೆ ದಪ್ಪ ಕೈಗವಸು ಏರಿಸಿಕೊಂಡು ಅಂಗಡಿಗೆ ಬಂದು ನಿಂತರೆ ಯಾರಿಗೆ ತಾನೇ ನಗು ಬರುವುದಿಲ್ಲ? ಕಬ್ಬಿಣದ ಸಾಮಾನಿನ ಅಂಗಡಿಯವನಿಗೂ ಬಂತು.

"ಏನಮ್ಮಾ, ಸೂರ್ಯನ್ನೇ ಹಿಡಿಯೋಕೆ ಹೊರಟ್ರಾ?" ಅಂದ.

ಅವಳು ನಗಲಿಲ್ಲ, ಸಿಟ್ಟೂ ಮಾಡಿಕೊಳ್ಳಲಿಲ್ಲ. "ಮಡಚೋ ಚಾಕು ಬೇಕು. ಈ ಗವಸು ತೆಗೀದೇನೇ ಬಿಚ್ಚೋಕೆ ಆಗ್ಬೇಕು," ಅಂದಳು.

"ಎಲ್ಲಿ ಕೆಲ್ಸ ನಿಮ್ದು?"

"ಮೀನಿನ ಕೋಲ್ಡ್ ಸ್ಟೋರೇಜಲ್ಲಿ."

ಅಂಗಡಿಯವನ ನಗು ಅಲ್ಲಿಗೇ ನಿಂತುಹೋಯಿತು. ಅಲ್ಲಿ ಏನಾಯಿತೆಂದು ಆ ಬೀದಿಗೆಲ್ಲ ಗೊತ್ತಿತ್ತು. ಅದಾದದ್ದು ಇವಳ ಗಂಡನಿಗೇ ಎಂದು ಅವಳ ತುಟಿಯ ಮೇಲಿನ ಗಾಯದ ಗುರುತು ನೋಡಿದ ಮೇಲೆ ಅವನಿಗೆ ತಿಳಿಯಿತು. ಗಾಜಿನ ಪೆಟ್ಟಿಗೆಯ ಬಾಗಿಲು ಸರಿಸಿದ.

ಗಂಡ ಹೆಂಡತಿ ಇಬ್ಬರೂ ಅಲ್ಲೇ ದುಡಿಯುತ್ತಿದ್ದರು. ಮದುವೆಗೆ ಮೊದಲು ಅವಳು ಹೊರಗಿನ ಹಾಲ್‌ನಲ್ಲಿ ಮೀನು ಹೆಚ್ಚುತ್ತಿದ್ದಳು. ಮದುವೆಯಾದ ಮೇಲೆ ಗಂಡನ ಜೊತೆ ಒಳಗಿನ ಹಿಮದ ಕೋಣೆಗೆ ಹೋದಳು. "ಹನಿಮೂನಿಗೆ ಎಲ್ಲರೂ ಬೆಟ್ಟಕ್ಕೆ ಹೋಗ್ತಾರೆ, ನಾನು ನಿನ್ನ ದಿನಾ ಹಿಮಕ್ಕೇ ಕರ್ಕೊಂಡು ಹೋಗ್ತೀನಿ ನೋಡು," ಎನ್ನುವುದು ಅವನ ಹಳಸಲು ಜೋಕು. ಸಿಕ್ಕಿದವರಿಗೆಲ್ಲ ಹೇಳುತ್ತಿದ್ದ, ಹೇಳಿ ಮೊದಲು ತಾನೇ ನಗುತ್ತಿದ್ದ. ಉಸಿರು ರೆಪ್ಪೆಯ ಮೇಲೆ ಪುಡಿಯಾಗಿ ಕೂರುವ ಆ ಕೋಣೆಗೆ ಯಾರೂ ಒಬ್ಬರೇ ಹೋಗುವಂತಿಲ್ಲ. ಜೋಡಿಯಾಗಿಯೇ ಹೋಗಬೇಕು, ಜೋಡಿಗೆ ಒಂದು ಚಾಕು. ಪೆಟ್ಟಿಗೆಗಳಿಗೆ ಬಿಗಿದ ಪ್ಲಾಸ್ಟಿಕ್ ಪಟ್ಟಿ ಕತ್ತರಿಸಲು ಅದು ಬೇಕು. ಒಮ್ಮೆ ಯಾರದೋ ತೊಡೆ ಸೀಳಿದ ಮೇಲೆ ಮಡಚದ ಚಾಕುಗಳನ್ನು ಮೇಸ್ತ್ರಿ ಒಳಗೆ ಬಿಡುತ್ತಿರಲಿಲ್ಲ.

ಮಡಚುವ ಚಾಕುವಿನ ಅಲಗಿನಲ್ಲಿ ಉಗುರು ಸಿಕ್ಕಿಸಲು ಒಂದು ಸಣ್ಣ ಗೀರು ಇರುತ್ತದಲ್ಲ, ಗವಸಿನ ಬೆರಳಿಗೆ ಅದು ದಕ್ಕುತ್ತದೆಯೇ? ಹಾಗಾಗಿ ಎಲ್ಲರೂ ಹಲ್ಲಿನಿಂದಲೇ ಬಿಚ್ಚುತ್ತಿದ್ದರು. ಹೊರಬಾಗಿಲ ಹತ್ತಿರ ಹಲ್ಲಲ್ಲಿ ಕಚ್ಚಿ ಎಳೆಯುವುದು, ಬಿಚ್ಚಿದ ಚಾಕು ಹಿಡಿದು ಪಟ್ಟಿ ಕತ್ತರಿಸುವುದು, ಮತ್ತೆ ಮಡಚಿ ಜೇಬಿಗೆ ಹಾಕಿ ಒಳಗೆ ಹೋಗುವುದು. ಎಲ್ಲರಿಗೂ ಅದೇ ಅಭ್ಯಾಸ, ನಿದ್ದೆಗಣ್ಣಲ್ಲೂ ಮಾಡುವಷ್ಟು.

ಆ ದಿನ ಗಂಡನ ಮಫ್ಲರ್ ಒಳಗಿನ ಕೋಣೆಯಲ್ಲಿ ಪೆಟ್ಟಿಗೆ ಸಾಗಿಸುವ ಬೆಲ್ಟಿನ ಉರುಳೆಗೆ ಸಿಕ್ಕಿಕೊಂಡಿತು. ಯಾರೋ ಓಡಿಹೋಗಿ ಬೆಲ್ಟ್ ನಿಲ್ಲಿಸಿದರು. ಬೆಲ್ಟ್ ನಿಂತಿತು, ಕುತ್ತಿಗೆಗೆ ಬಿಗಿದ ಮಫ್ಲರ್ ಮಾತ್ರ ಸಡಿಲವಾಗಲಿಲ್ಲ. ಕತ್ತರಿಸಬೇಕಿತ್ತು, ಅಷ್ಟೇ. ಚಾಕು ಅವಳ ಜೇಬಿನಲ್ಲಿತ್ತು. ಅವಳು ಅಭ್ಯಾಸದಂತೆ ಅದನ್ನು ಬಾಯಿಗಿಟ್ಟಳು. ಹೊರಗಲ್ಲ, ಒಳಗೆ, ಆ ಚಳಿಯಲ್ಲಿ! ಕಬ್ಬಿಣ ತುಟಿಗೆ ಅಂಟಿಕೊಂಡಿತು. ಕಿತ್ತಳು, ತುಟಿಯ ಸಿಪ್ಪೆಯೂ ಕಿತ್ತುಬಂತು. ಗವಸು ಎಳೆದೆಸೆದು ಬರಿಗೈಯಲ್ಲಿ ಹಿಡಿದರೆ ಬೆರಳು ಹೇಳಿದ ಮಾತು ಕೇಳಲಿಲ್ಲ. ಕೊನೆಗೆ ಚಾಕು ಬಿಚ್ಚಿಕೊಂಡಿತು, ಮಫ್ಲರೂ ತುಂಡಾಯಿತು. ಅಷ್ಟು ಹೊತ್ತಿಗೆ ಅವನು ಹೋಗಿಬಿಟ್ಟಿದ್ದ.

ಅವಳು ಅಳಲಿಲ್ಲ. "ಕಲ್ಲು ಕಣ್ರೀ ಆಕೆ," ಅಂದರು ನೆಂಟರು. ಅನ್ನಲಿ ಬಿಡಿ, ಊರ ಬಾಯಿಗೆ ಬೀಗ ಹಾಕುವವರು ಯಾರು? ಕೈ ಜೋಮು ಹಿಡಿದರೆ ಉಜ್ಜಿಕೊಳ್ಳಬಹುದು. ಎದೆ ಜೋಮು ಹಿಡಿದರೆ ಎಲ್ಲಿ ಉಜ್ಜುವುದು? ಊಟ ಮಾಡಿದರೆ ರುಚಿ ಇರಲಿಲ್ಲ, ಮಲಗಿದರೆ ಕನಸಿರಲಿಲ್ಲ. ಯಾರಾದರೂ ಕರೆದರೆ ಪಕ್ಕದ ಮನೆಯವರನ್ನು ಕರೆದಂತೆ ಕೇಳಿಸುತ್ತಿತ್ತು. ಅತ್ತೆ ಒಬ್ಬಳೇ ಪಕ್ಕಕ್ಕೆ ಬಂದು ಕೂತು, ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದಳು: "ಆ ಗವಸು ಹಾಕ್ಕೊಂಡು ಯಾವ ಚಾಕೂ ಬಿಚ್ಚೋಕಾಗ್ತಿರ್ಲಿಲ್ಲ ಕಣೇ. ಹಣೆಬರಹ. ನಿಂದೇನೂ ತಪ್ಪಿಲ್ಲ." ಮಗನನ್ನು ಕಳಕೊಂಡವಳೇ ಹೀಗೆ ಹೇಳಿದ ಮೇಲೆ ಸೊಸೆ ಆ ಮಾತನ್ನು ಹಿಡಿದುಕೊಂಡು ನಿಂತಳು. ಹಿಡಿದುಕೊಳ್ಳಲು ಅವಳಿಗೆ ಬೇರೇನೂ ಇರಲಿಲ್ಲ.

ಹೊಟ್ಟೆ ಕೇಳಬೇಕಲ್ಲ, ಕೆಲಸಕ್ಕೆ ಮರಳಲೇಬೇಕಾಯಿತು. ಸೋಮವಾರದಿಂದ ಬಾ ಎಂದ ಮೇಸ್ತ್ರಿ ಹೊಸ ಜೋಡಿಯನ್ನೂ ಗೊತ್ತುಮಾಡಿದ. ಆಳು ಬಾಗಿಲು ತುಂಬುವಷ್ಟು ಎತ್ತರ, ಅಡ್ಡಹೆಸರು ಇರುವೆ. "ಅಕ್ಕಾ, ನಿಮ್ ಜೊತೆ ಬರೋಕೆ ನಂಗೇನೂ ಭಯ ಇಲ್ಲ," ಅಂದ ಪಾಪ, ಧ್ವನಿ ನಡುಗುತ್ತಿತ್ತು. ಮಾರನೆಯ ದಿನ ಅವನ ಹೆಂಡತಿ ಮನೆ ಬಾಗಿಲಿಗೇ ಬಂದಳು. ಒಳಗೆ ಕರೆದರೆ ಬರಲಿಲ್ಲ. ಸೆರಗಿನ ತುದಿ ತಿರುಚುತ್ತಾ, "ಅಕ್ಕಾ, ತಪ್ಪು ತಿಳ್ಕೋಬೇಡಿ. ಚಾಕು ಸರಿ ಇದೆ ತಾನೇ?" ಎಂದು ಕೇಳಿ ಹೊರಟುಹೋದಳು. ಹಾಗಾಗಿ ಅವಳು ಗವಸು ಏರಿಸಿಕೊಂಡು ಅಂಗಡಿಗೆ ಬಂದದ್ದು. ಎದುರು ಮನೆಯಾಕೆ ಕಿಟಕಿಯಿಂದಲೇ, "ಕೋಟೆ ಸೂರೆ ಹೋದ್ಮೇಲೆ ದಿಡ್ಡಿ ಬಾಗಿಲು ಹಾಕಿದ್ರಂತೆ," ಅಂದದ್ದೂ ಕಿವಿಗೆ ಬಿದ್ದಿತ್ತು.

ಅಂಗಡಿಯವನು ಉಗುರುಗೀರಿನ ಚಾಕುಗಳನ್ನೆಲ್ಲ ಮೊದಲೇ ಬದಿಗೆ ಸರಿಸಿದ. ಅಲಗಿನ ಬುಡದಲ್ಲಿ ಪುಟ್ಟ ಮೊಳೆಯಂಥ ಗುಬುಟು ಇದ್ದ ಒಂದನ್ನು ಕೊಟ್ಟ. ಹೆಬ್ಬೆರಳಿನಿಂದ ತಳ್ಳಿದಳು, ಬಿಚ್ಚಿಕೊಂಡಿತು.

"ನೋಡಿ, ಎಷ್ಟು ಸಲೀಸು!" ಅಂದ ಅವನು.

"ಇಲ್ಲಿ ಬಿಚ್ಕೊಂಡ್ರೆ ಏನ್ ಬಂತು? ಒಳಗೆ ನೋಡ್ಬೇಕು," ಅಂದಳು.

ಒಳ್ಳೆಯ ಮನುಷ್ಯ, ನೋಡಿಕೊಂಡು ಬನ್ನಿ ಎಂದು ಅದರ ಜೊತೆ ಇನ್ನೊಂದನ್ನೂ ಕೊಟ್ಟು ಕಳಿಸಿದ. ಹಿಮದ ಕೋಣೆಯ ಬಾಗಿಲೊಳಗೆ ಇರುವೆಯನ್ನು ಜೊತೆಗೆ ನಿಲ್ಲಿಸಿಕೊಂಡು ಅವಳು ಕಾದಳು. ಗವಸು ಒಣಗಿದ ಚರ್ಮದ ಹಾಗೆ ಸೆಟೆದ ಮೇಲೆ ತಳ್ಳಿ ನೋಡಿದಳು. ಬೆರಳು ಗುಬುಟಿನ ಮೇಲಿಂದ ಜಾರಿತು. ಇನ್ನೊಮ್ಮೆ ತಳ್ಳಿದಳು, ಆಗಲೂ ಜಾರಿತು.

ಸದ್ಯ, ಅಂದಿತು ಅವಳ ಮನಸ್ಸು.

ತನ್ನ ಮನಸ್ಸು ಆಡಿದ ಆ ಮಾತು ಕೇಳಿ ಅವಳಿಗೇ ಗಾಬರಿಯಾಯಿತು. ಎಂಥ ಸದ್ಯ ಇದು? ಇರುವೆಯ ಜೀವ ಉಳಿಸುವ ಚಾಕು ಸಿಗಲಿಲ್ಲ ಎಂದು ಸಂತೋಷವೇ? ಹೌದು, ಸಂತೋಷವೇ. ಸುಳ್ಳೇಕೆ ಹೇಳಬೇಕು? ಗವಸಿನಲ್ಲಿ ಬಿಚ್ಚಿಕೊಳ್ಳುವ ಚಾಕು ಲೋಕದಲ್ಲೇ ಇಲ್ಲದಿದ್ದರೆ ಗಂಡ ಸತ್ತದ್ದು ಹಣೆಬರಹ. ಇದ್ದರೆ, ಅವನು ಸಾಯಬೇಕಾಗಿರಲಿಲ್ಲ. ಹುಡುಕದೆ ಇರುವಂತಿಲ್ಲ, ಸಿಗುವುದು ಬೇಡ. ಈ ಇಕ್ಕಟ್ಟನ್ನು ಯಾರ ಮುಂದೆ ಹೇಳಿಕೊಳ್ಳುವುದು?

ಗುಂಡಿ ಒತ್ತಿದರೆ ಚಿಮ್ಮುವ ಆ ಇನ್ನೊಂದು ಚಾಕು ಅರ್ಧ ಮಾತ್ರ ಹೊರಬಂದು ನಿಂತಿತು. ಅದರೊಳಗಿನ ಎಣ್ಣೆ ಮೇಣದಂತೆ ಗಟ್ಟಿಯಾಗಿತ್ತು. ಆಗಲೂ ಅವಳ ಎದೆ ಹಗುರಾಯಿತು. ಎರಡನ್ನೂ ವಾಪಸು ತಂದಿಟ್ಟು, "ಇಲ್ಲ ಬಿಡಿ. ಎಣ್ಣೆ ಪಸೆ ಇದ್ರೆ ಅದೂ ಗಟ್ಟಿಯಾಗಿಬಿಡುತ್ತೆ. ಅಂಥದ್ದು ಎಲ್ಲೂ ಇರಲ್ಲ," ಅಂದಳು.

"ಇರಿ, ಇರಿ," ಎಂದು ಅಂಗಡಿಯವನು ಮೇಜಿನ ಅಡಿಗೆ ತಲೆ ಹಾಕಿದ. ಧೂಳು ಹಿಡಿದ ರಟ್ಟಿನ ಡಬ್ಬಿಯೊಂದರಿಂದ ಒರಟಾದ ಚಾಕು ತೆಗೆದ. ಗೂನುಬೆನ್ನಿನ ಅಲಗು, ಅದರಲ್ಲಿ ಹೆಬ್ಬೆರಳು ತೂರುವಷ್ಟು ದೊಡ್ಡ ತೂತು. "ನೋಡೋಕೆ ಚೆನ್ನಾಗಿಲ್ಲ ಅಂತ ಯಾರೂ ಮುಟ್ಟಲ್ಲ. ವರ್ಷಗಟ್ಲೆಯಿಂದ ಇಲ್ಲೇ ಬಿದ್ದಿದೆ. ಎಣ್ಣೆ ಪಸೆ ಇರಬಾರ್ದು ಅಂದ್ರಲ್ಲ, ಸೀಮೆಎಣ್ಣೇಲಿ ತೊಳೆದು ಒರೆಸಿ ಕೊಡ್ತೀನಿ."

ವರ್ಷಗಟ್ಟಲೆಯಿಂದ. ಗಂಡನೂ ಅವಳೂ ದಿನಾ ಕೆಲಸಕ್ಕೆ ಹೋಗುತ್ತಿದ್ದದ್ದು ಈ ಅಂಗಡಿಯ ಮುಂದೆಯೇ. ಅವಳು ಚಾಕು ತೆಗೆದುಕೊಂಡು ಹೋದಳು.

ಒಳಗೆ, ಗವಸು ಸೆಟೆದ ಮೇಲೆ, ತೂತಿಗೆ ಹೆಬ್ಬೆರಳಿಟ್ಟು ಸರಿಸಿದಳು. ಒಂದೇ ಸಲಕ್ಕೆ ಬಿಚ್ಚಿಕೊಂಡಿತು. ಮಡಚಿ ಮತ್ತೆ ಮಾಡಿದಳು, ಮತ್ತೆ ಬಿಚ್ಚಿಕೊಂಡಿತು.

"ಅಬ್ಬಾ! ಬಂತಲ್ಲ ಅಕ್ಕಾ, ಬಂದೇಬಿಡ್ತಲ್ಲ!" ಎಂದು ಇರುವೆ ಕುಣಿಯುವುದೊಂದು ಬಾಕಿ. ಆಮೇಲೆ ಅವಳ ಮುಖ ನೋಡಿದ. ಅವನಿಗೂ ಹೊಳೆಯಿತು. ತಲೆ ತಗ್ಗಿಸಿ ಬೂಟಿನ ತುದಿಯಿಂದ ನೆಲದ ಹಿಮ ಕೆರೆಯುತ್ತಾ ನಿಂತ. ತನಗೆ ಅಳು ಬಂದೀತೇನೋ ಎಂದುಕೊಂಡಳು ಅವಳು, ಬರಲಿಲ್ಲ. ಚಾಕುವನ್ನು ಜೇಬಿಗೆ ಹಾಕಿಕೊಂಡು ಹೊರಗೆ ಬಂದಳು.

ಮನೆಯಲ್ಲಿ ಅತ್ತೆ ಬಟಾಣಿ ಸುಲಿಯುತ್ತಾ ಕೂತಿದ್ದಳು. "ಸಿಕ್ತೇನೇ?" ಎಂದಳು ತಲೆಯೆತ್ತದೆ.

ದಾರಿಯುದ್ದಕ್ಕೂ 'ಇಲ್ಲ ಅತ್ತೆ' ಎಂದು ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಆ ಒಂದು ಸುಳ್ಳಿನಿಂದ ಯಾರ ಗಂಟು ಹೋಗುತ್ತಿತ್ತು? ಮುದುಕಿ ತನ್ನ ಹಣೆಬರಹದ ಮಾತು ಹಿಡಿದುಕೊಂಡು ನೆಮ್ಮದಿಯಾಗಿ ಇರುತ್ತಿದ್ದಳು, ಇವಳೂ ಅದರ ಪಕ್ಕದಲ್ಲಿ ಹೇಗೋ ಇರುತ್ತಿದ್ದಳು. ಆದರೆ ಬಾಯಿ ತೆರೆದರೆ ಬಂದದ್ದು ಬೇರೆ ಮಾತು.

"ಸಿಕ್ತು."

ಬಟಾಣಿ ಸುಲಿಯುವ ಕೈ ನಿಂತಿತು. "ಒಳಗೂ ಬಿಚ್ಕೊಂಡ್ತಾ?"

"ಹೂಂ."

"ಕೊಡಿಲ್ಲಿ. ಗವಸೂ ಕೊಡು."

"ಬೇಡ ಅತ್ತೆ."

"ಕೊಡು ಅಂದೆ."

ಅತ್ತೆಯ ಬೆರಳುಗಳು ಸಂಧಿವಾತದಿಂದ ಸೊಟ್ಟಗಾಗಿದ್ದವು. ಬಾಟಲಿಯ ಮುಚ್ಚಳ ತಿರುಗಿಸಲೂ ಯಾರನ್ನಾದರೂ ಕರೆಯಬೇಕು. ಗವಸಿನೊಳಗೆ ಆ ಕೈ ಪೂರಾ ಮುಳುಗಿಹೋಯಿತು. ಚಾಕುವನ್ನು ಹಾಗೂ ಹೀಗೂ ತಿರುಗಿಸಿ ನೋಡಿ, ತೂತು ಹುಡುಕಿ, ಹೆಬ್ಬೆರಳಿನಿಂದ ಸರಿಸಿದಳು. ಟಕ್ಕೆಂದು ಅಲಗು ಹೊರಗೆ ಬಂತು.

ಅತ್ತೆ ಅದನ್ನೇ ನೋಡುತ್ತಾ ಕೂತಳು. "ನನ್ ಕೈಗೂ ಬಂತಲ್ಲೇ," ಅಂದಳು.

ಸೊಸೆ ಬೈಗುಳಕ್ಕೆ ಕಾದಳು. ಬೈಗುಳ ಬರಲಿಲ್ಲ, ಸಮಾಧಾನವೂ ಬರಲಿಲ್ಲ. ಆಕೆ ಚಾಕು ಮಡಚಿ, ಗವಸು ಕಳಚಿ ಪಕ್ಕಕ್ಕಿಟ್ಟಳು. ಹಣೆಬರಹದ ಮಾತನ್ನು ಆ ಮನೆಯಲ್ಲಿ ಆಮೇಲೆ ಯಾರೂ ಆಡಲಿಲ್ಲ.

ಸೋಮವಾರ ಬೆಳಿಗ್ಗೆ ಅತ್ತೆಯೇ ಮೊದಲು ಎದ್ದು ಊಟದ ಡಬ್ಬಿ ಕಟ್ಟಿಕೊಟ್ಟಳು. ಸೊಸೆ ಚಪ್ಪಲಿ ಮೆಟ್ಟುವಾಗ ಬಾಗಿಲಿಗೆ ಬಂದು ನಿಂತಳು.

"ಚಾಕು ತಗೊಂಡ್ಯೇನೇ?" ಎಂದು ಕೇಳಿದಳು. ಮಗ ಇದ್ದಾಗ ಒಂದು ದಿನವೂ ಹಾಗೆ ಕೇಳಿದವಳಲ್ಲ.

"ತಗೊಂಡೆ ಅತ್ತೆ," ಎಂದು ಅವಳು ಮೆಟ್ಟಿಲಿಳಿದಳು.