ಗಿರಿಜಾ ಮೇಡಂ ಸಹಿ ಹಾಕದ ಕಮಾನು

ತಲೆಯ ಮೇಲೆ ತೂಗುವ ಯಾವ ವಸ್ತುವನ್ನೂ ಗಿರಿಜಾ ಮೇಡಂ ನಂಬುತ್ತಿರಲಿಲ್ಲ. ನ್ಗಾರಾದ ಒಂದು ಹಳೆಯ ಸಭಾಂಗಣದಲ್ಲಿ ನಾವು ನೈರೋಬಿಯ ಕನ್ನಡದವರು ಯುಗಾದಿ ಊಟಕ್ಕೆ ಸೇರಿದ್ದಾಗ ನಾನು ಅವರನ್ನು ಮೊದಲು ಕಂಡೆ. ಎಲ್ಲರೂ ಕೂತಾಗಿದೆ, ಹೋಳಿಗೆ ಬರುತ್ತಿದೆ. ಇವರೊಬ್ಬರು ಮಾತ್ರ ಕತ್ತೆತ್ತಿ ಮೇಲಿನ ಗಾಜಿನ ತೂಗುದೀಪವನ್ನೇ ನೋಡುತ್ತಿದ್ದಾರೆ. ಗಾಡಿಯ ಚಕ್ರದಷ್ಟು ದೊಡ್ಡ ದೀಪ ಅದು.

"ಇದು ಯಾವುದಕ್ಕ ಜೋತು ಬಿದ್ದೈತಿ ಅಂತ ಯಾರರ ಮ್ಯಾಲೆ ಹತ್ತಿ ನೋಡೀರೇನು?" ಎಂದು ಕೇಳಿದರು.

ಯಾರೂ ನೋಡಿರಲಿಲ್ಲ. "ಹಂಗಾರ ನಾ ಇಲ್ಲಿ ಕೂಡಂಗಿಲ್ಲಪಾ" ಎಂದು ತಟ್ಟೆ ಎತ್ತಿಕೊಂಡು ಬಾಗಿಲ ಬಳಿ ಹೋಗಿ ಕೂತರು. ಎಲ್ಲರೂ ನಕ್ಕರು. ಆದರೆ ಸಾರು ಬರುವ ಹೊತ್ತಿಗೆ ಅಕ್ಕಪಕ್ಕದವರು ಮೆಲ್ಲಗೆ ಕುರ್ಚಿ ಸರಿಸಿಕೊಂಡಿದ್ದರು. ಮಜ್ಜಿಗೆಯ ಹೊತ್ತಿಗೆ ದೀಪದ ಕೆಳಗೆ ದುಂಡಗೆ ಒಂದು ಖಾಲಿ ಅಂಗಳವೇ ಆಗಿತ್ತು.

ಹುಬ್ಬಳ್ಳಿಯವರು. ಐವತ್ತು ದಾಟಿತ್ತು. ಯಜಮಾನರು ಅಲ್ಲೇ ಕಾಲೇಜಿನಲ್ಲಿ ಮೇಷ್ಟ್ರು. ಇವರು ನೈರೋಬಿಯ ಕಿಲೆಲೆಶ್ವಾದ ಒಂದು ಫ್ಲ್ಯಾಟಿನಲ್ಲಿ ಒಬ್ಬರೇ ಇದ್ದರು. ಆಫೀಸಿಗೆ ನೂಲಿನ ಸೀರೆ, ಸೈಟಿಗೆ ಪ್ಯಾಂಟು, ಗಂಡಸರ ಷರ್ಟು, ಬೂಟು. ಮಟಾಟು ಎಂಬ ಅಲ್ಲಿನ ಬಾಡಿಗೆ ವ್ಯಾನು ಹತ್ತುವ ಮೊದಲು ಅದರ ಸುತ್ತ ಒಂದು ಪ್ರದಕ್ಷಿಣೆ ಬಂದು ನಾಲ್ಕೂ ಟೈರು ನೋಡುತ್ತಿದ್ದರು. ಕಂಡಕ್ಟರ್ ರೇಗಿದರೆ ಇಳಿಯದೆ, ಹತ್ತದೆ, ಬಾಗಿಲಲ್ಲೇ ನಿಂತು ಅವನಿಗೆ ಟೈರಿನ ಸ್ಥಿತಿಯನ್ನು ಹುಬ್ಬಳ್ಳಿ ಕನ್ನಡದಲ್ಲೇ ವಿವರಿಸುತ್ತಿದ್ದರು.

ಆಗ ನಾನು ಮೈಸೂರಿನಿಂದ ಬಂದು ನೈರೋಬಿಯ ಭಾರತೀಯರ ಉಕ್ಕಿನ ಕಂಪನಿಯೊಂದರಲ್ಲಿ ಎಂಜಿನಿಯರ್ ಆಗಿದ್ದೆ, ಮೇಡಂ ಕೂಡ ಅದೇ ಕಂಪನಿ. ಎರಡು ಸಾವಿರದ ದಶಕದ ಕೊನೆಯ ವರ್ಷಗಳು. ಮುಂದೆ ವಾಹನ ದಟ್ಟಣೆಯಿದೆ, ನಿಧಾನ ಹೋಗಿ ಎಂದು ಅಕ್ಷರಗಳು ಬೆಳಗುವ ಎಲೆಕ್ಟ್ರಾನಿಕ್ ಫಲಕಗಳನ್ನು ಹೆದ್ದಾರಿಯ ಮೇಲೆ ನಿಲ್ಲಿಸುವ ಕೆಲಸ ನಮಗೆ ಸಿಕ್ಕಿತು. ಫಲಕ ಬೇರೆಯವರದು. ಅದನ್ನು ಹೊರುವ ಉಕ್ಕಿನ ಕಮಾನು, ಕಂಬ, ಕಂಬದ ಕೆಳಗಿನ ಕಾಂಕ್ರೀಟ್ ಪೀಠ, ತಂತಿ ಹಾಯುವ ಕೊಳವೆ, ಇಷ್ಟು ನಮ್ಮವು. ನಿಲ್ಲಿಸುವುದು ನನ್ನ ಪಾಲು. ಪರೀಕ್ಷಿಸಿ ಸಹಿ ಹಾಕುವುದು ಗಿರಿಜಾ ಮೇಡಂ ಪಾಲು.

"ಎಲ್ಲ ಸರಿಯಾಗಿದೆ ಮೇಡಂ" ಎಂದು ಯಾರೇ ಹೇಳಲಿ, ಅವರದು ಒಂದೇ ಪ್ರಶ್ನೆ: "ಹೆಂಗ ಗೊತ್ತು?" ಅದಕ್ಕೆ ಉತ್ತರವಿದ್ದರೆ ಕೆಲಸ ಮುಂದಕ್ಕೆ, ಇಲ್ಲದಿದ್ದರೆ ಅಲ್ಲಿಗೇ ನಿಂತಿತು. ಹಿಂದೆ ಎಲ್ಲೋ ಏನೋ ಕುಸಿದಿರಬೇಕು, ಅದಕ್ಕೇ ಹೀಗೆ ಎಂದು ಆಫೀಸಿನಲ್ಲಿ ಮಾತಿತ್ತು. ಒಮ್ಮೆ ಧೈರ್ಯ ಮಾಡಿ ಕೇಳಿಯೇಬಿಟ್ಟೆ.

"ಇಲ್ಲಪಾ. ಇಷ್ಟು ವರ್ಷದಾಗ ನಾ ನೋಡಿದ್ದು ಒಂದೂ ಬಿದ್ದಿಲ್ಲ" ಎಂದರು. "ಬಿದ್ದಿಲ್ಲ ಅಂತನ ಅಂಜಿಕಿ."

ಕಸರಾನಿಯ ಹತ್ತಿರ ಮೊದಲ ಕಮಾನು ನಿಲ್ಲಬೇಕಿತ್ತು. ಅದರ ಅಡಿಪಾಯದ ಹೊತ್ತಿಗೆ ಮೇಡಂ ತಂಗಿಯ ಮಗಳ ಮದುವೆಗೆಂದು ಊರಿಗೆ ಹೋಗಿದ್ದರು. ನಾನು ಕಾರ್ಖಾನೆಯಲ್ಲಿ ಕಮಾನಿನ ಬೆಸುಗೆಯಲ್ಲಿ ಮುಳುಗಿದ್ದೆ. ಅಡಿಪಾಯದ ಗುತ್ತಿಗೆ ಹಿಡಿದಿದ್ದವನು ಮುಟುವಾ ಎಂಬ ಫುಂಡಿ. ನಮ್ಮ ಕಡೆ ಮೇಸ್ತ್ರಿ ಎನ್ನುವ ಹಾಗೆ. ನಗುಮುಖದ ಗಟ್ಟಿ ಆಳು. ಮೇಡಂ ವಾಪಸಾಗಿ ಸೈಟಿಗೆ ಬಂದಾಗ ಪೀಠ ಸಿದ್ಧವಾಗಿತ್ತು. ಮೇಲೆಲ್ಲ ಸಿಮೆಂಟ್ ಬಳಿದು ಕನ್ನಡಿಯ ಹಾಗೆ ಮಾಡಿದ್ದ. ಬೋಲ್ಟುಗಳು ಗೆರೆ ಎಳೆದಂತೆ ನಿಂತಿದ್ದವು.

ಮೇಡಂ ಅದನ್ನು ಒಂದು ಸುತ್ತು ಬಂದರು. "ಇಷ್ಟು ನುಣ್ಣಗ ಯಾಕ ಬಳದಾನ?"

"ಚೆನ್ನಾಗಿ ಕಾಣ್ಲಿ ಅಂತ ಇರಬಹುದು, ಮೇಡಂ."

"ಹೆಂಗ ಗೊತ್ತು? ಕಾಂಕ್ರೀಟ್ ಹಾಕೋವಾಗ ನೀ ಇಲ್ಲಿದ್ದೇನು?"

"ಇರಲಿಲ್ಲ."

ಅವರ ಅನುಮಾನ ಏನೆಂದು ನನಗೆ ಗೊತ್ತಿತ್ತು. ಕಾಂಕ್ರೀಟ್ ಸುರಿಯುವಾಗ ಬೋಲ್ಟು ಕೊಂಚ ಸರಿದರೂ ಕಂಬದ ತೂತಿಗೆ ಹೊಂದುವುದಿಲ್ಲ. ಆಗ ಕೆಲವರು ಅದನ್ನು ಕತ್ತರಿಸಿ, ಸರಿಯಾದ ಜಾಗದಲ್ಲಿ ಗಿಡ್ಡ ತುಂಡೊಂದನ್ನು ನೆಟ್ಟು ಮೇಲೆ ಸಿಮೆಂಟ್ ಬಳಿದುಬಿಡುತ್ತಾರೆ. ಕಣ್ಣಿಗೆ ಗೊತ್ತಾಗುವುದಿಲ್ಲ. ಬಿರುಗಾಳಿ ಬೀಸಿದ ದಿನ, ಕೆಳಗೆ ವಾಹನಗಳು ಹೋಗುತ್ತಿರುವಾಗ ಗೊತ್ತಾಗುತ್ತದೆ.

ಒಂದು ಮೂಲೆ ಒಡೆದು ತೋರಿಸಿ, ಸಹಿ ಹಾಕುತ್ತೇನೆ ಎಂದರು ಮೇಡಂ. ಮ್ಯಾನೇಜರ್ ಸುತರಾಂ ಒಪ್ಪಲಿಲ್ಲ. ಭಾನುವಾರ ಬೆಳಿಗ್ಗೆ ರಸ್ತೆ ಮುಚ್ಚಲು ಪೊಲೀಸರು ಒಪ್ಪಿದ್ದರು, ಕ್ರೇನ್ ಗೊತ್ತುಮಾಡಿಯಾಗಿತ್ತು. ಇದರ ನಡುವೆ ನಮ್ಮ ಡ್ರೈವರ್ ಒಂದು ಸುದ್ದಿ ತಂದ: ಮೇಡಂ ನಮ್ಮ ಎದುರಾಳಿ ಕಂಪನಿಯ ಗೇಟಿನಿಂದ ಹೊರಬರುತ್ತಿದ್ದುದನ್ನು ನೋಡಿದೆ ಎಂದ. ಆಫೀಸು ಪೂರ್ತಿ ಗುಸುಗುಸು. ಮುಟುವಾ ಏನೋ ಮುಚ್ಚಿಟ್ಟಿದ್ದಾನೆ ಎಂದು ಮೇಡಂಗೆ ಅನುಮಾನ. ಮೇಡಂ ಯಾರಿಗೋ ಕೆಲಸ ಮಾಡುತ್ತಿದ್ದಾರೆ ಎಂದು ಮ್ಯಾನೇಜರ್‌ಗೆ ಅನುಮಾನ. ನಾನು ಮೇಡಂ ಕಡೆಯವನಿರಬೇಕು ಎಂದು ಉಳಿದವರಿಗೆ ಅನುಮಾನ. ನನಗೆ ಮಾತ್ರ ಯಾರನ್ನು ನಂಬಬೇಕು ಎಂದೇ ತಿಳಿಯಲಿಲ್ಲ.

ಭಾನುವಾರ ಬಂತು. ಪೊಲೀಸರು ರಸ್ತೆ ಮುಚ್ಚಿದರು. ಕ್ರೇನು ಕೊಕ್ಕೆ ಇಳಿಬಿಟ್ಟು ನಿಂತಿತ್ತು. ಪಕ್ಕದ ದಾರಿಗೆ ತಿರುಗಿಸಿದ ಮಟಾಟುಗಳೆಲ್ಲ ಹಾರ್ನು ಹೊಡೆಯುತ್ತಿದ್ದವು. ಚರ್ಚಿಗೆ ಹೊರಟ ಜನ ಬಿಳಿ ಬಟ್ಟೆಯಲ್ಲಿ ನಿಂತು ನೋಡುತ್ತಿದ್ದರು. ಗಿರಿಜಾ ಮೇಡಂ ಬಂದವರೇ ಆ ನುಣ್ಣನೆಯ ಪೀಠದ ಮೇಲೆ, ಬೋಲ್ಟುಗಳ ನಡುವೆ, ಕಟ್ಟೆಯ ಮೇಲೆ ಕೂತ ಹಾಗೆ ಕೂತುಬಿಟ್ಟರು.

ಮ್ಯಾನೇಜರ್ ಫೋನಿನಲ್ಲಿ ಕಿರುಚಿದರು: "ಅವರು ಹಾಕದಿದ್ದರೆ ನೀನು ಸಹಿ ಹಾಕು. ಕಮಾನು ಏಳಲಿ."

ನಾನು ಮೇಡಂ ಹತ್ತಿರ ಹೋದೆ. "ಏನೂ ಆಗಿರಲ್ಲ ಅನ್ಸುತ್ತೆ, ಮೇಡಂ. ಮುಟುವಾ ಅಂಥವನಲ್ಲ."

ಅವರು ನನ್ನನ್ನು ನೋಡಿದರು. "ಹೆಂಗ ಗೊತ್ತು?" ಎಂದು ಕೇಳಲೂ ಇಲ್ಲ. ಆ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಂಡೆ. ನಾನು ಫೋನ್ ಇಟ್ಟು, ಒಡೆಯಿರಿ ಎಂದು ಕೆಲಸದವರಿಗೆ ಹೇಳಿದೆ.

ಕಾಂಕ್ರೀಟ್ ಒಡೆಯುವ ಯಂತ್ರದ ಸದ್ದಿಗೆ ಹಾರ್ನುಗಳೂ ಕೇಳಿಸದಾದವು. ಮುಟುವಾ ಕೈಕಟ್ಟಿ ದೂರ ನಿಂತಿದ್ದ. ಬಿಸಿಲೇರಿ, ಚರ್ಚು ಬಿಟ್ಟು ಜನ ವಾಪಸು ಬರುವ ಹೊತ್ತಿಗೆ ಮೂಲೆಯ ಬೋಲ್ಟು ಬುಡದವರೆಗೆ ಬಯಲಾಯಿತು. ಒಂದೇ ಸರಳು. ನೇರ. ಎಷ್ಟು ಆಳಕ್ಕೆ ಇರಬೇಕೋ ಅಷ್ಟು ಆಳಕ್ಕಿತ್ತು. ಎಲ್ಲೂ ಕತ್ತರಿಸಿರಲಿಲ್ಲ, ಬೆಸೆದಿರಲಿಲ್ಲ.

ಯಂತ್ರ ನಿಂತಿತು. ಮುಟುವಾ ಹತ್ತಿರ ಬಂದು ತುಂಡಾದ ಸಿಮೆಂಟಿನ ಚೂರೊಂದನ್ನು ಎತ್ತಿಕೊಂಡ. "ನೀವು ಬಂದು ನೋಡುತ್ತೀರಿ ಅಂತ ಗೊತ್ತಿತ್ತು, ಮಾಮಾ" ಎಂದ, ಸ್ವಾಹಿಲಿಯಲ್ಲಿ. ಮಾಮಾ ಎಂದರೆ ಅಮ್ಮ. "ಅದಕ್ಕೇ ಬೇರೆಯವರಿಗೆ ಬಿಡದೆ ನಾನೇ ಬಳಿದೆ. ನಿಮ್ಮ ಕಣ್ಣಿಗೆ ಚೆಂದ ಕಾಣಲಿ ಅಂತ."

ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ಮೇಡಂ ಮುಖದಲ್ಲಿ ಆದದ್ದನ್ನು ಹೇಗೆ ಹೇಳಲಿ? ಬೋಲ್ಟು ಸರಿಯಿದ್ದದ್ದಕ್ಕೆ ಅರಳಿದ ಮುಖ, ಅರಳಿದ್ದಲ್ಲೇ ಬಾಡಿತು. ಎದ್ದು ನಿಂತು, ಅಷ್ಟು ಜನರೆದುರು ಕೈಮುಗಿದು, ಬಾಯಿಗೆ ಬಂದ ಒಂದೇ ಸ್ವಾಹಿಲಿ ಮಾತು ಹೇಳಿದರು: "ಸಮಹಾನಿ." ಕ್ಷಮಿಸು ಎಂದು. ಮುಟುವಾ ಕೈಯಲ್ಲಿದ್ದ ಚೂರನ್ನು ಕೆಳಗೆ ಹಾಕಿ ಹೊರಟುಹೋದ. ಮರುದಿನ ಬಂದು ಆ ಮೂಲೆಯನ್ನು ಅವನೇ ಸರಿಮಾಡಿದ. ಈ ಸಲ ನುಣುಪು ಮಾಡಲಿಲ್ಲ. ಒರಟಾಗಿಯೇ ಬಿಟ್ಟ.

ಕಾಂಕ್ರೀಟ್ ಗಟ್ಟಿಯಾದ ಮೇಲೆ ಕಮಾನು ನಿಂತಿತು, ಅಕ್ಷರಗಳು ಬೆಳಗಿದವು. ಆದರೆ ಆ ಹೊತ್ತಿಗೆ ಮೇಡಂಗೆ ಕೆಲಸ ಬಿಟ್ಟು ಮನೆಗೆ ಹೋಗಲು ಹೇಳಿಯಾಗಿತ್ತು, ಸಹಿ ಬೇರೆಯವರದು. ನನಗೂ ಬೈಗುಳ ಬಿದ್ದವು, ಕೆಲಸ ಮಾತ್ರ ಉಳಿಯಿತು.

ಅವರನ್ನು ಕೊನೆಯ ಸಲ ಕಂಡದ್ದು ಅವರು ಊರಿಗೆ ಹೊರಟ ದಿನ. ವಿಮಾನ ನಿಲ್ದಾಣಕ್ಕೆ ಬಿಡಲು ನಾನೇ ಹೋಗಿದ್ದೆ. ಕಾರಿನಲ್ಲಿ ತಡೆಯಲಾರದೆ ಕೇಳಿದೆ: "ಮೇಡಂ, ಆವತ್ತು ಆ ಕಂಪನಿಗೆ ಯಾಕೆ ಹೋಗಿದ್ರಿ?"

"ಅವರ ಕಡೆ ಒಂದು ಮಷೀನ್ ಐತೆಪಾ. ಬೋಲ್ಟ್ ಎಷ್ಟುದ್ದ ಐತಿ ಅಂತ ಕಾಂಕ್ರೀಟ್ ಒಡೀದನ ಹೇಳತೈತಿ. ಎರಡು ದಿನಕ್ಕ ಕೊಡ್ರಿ ಅಂತ ಕೇಳಾಕ ಹೋಗಿದ್ದೆ. ಕೊಡಲಿಲ್ಲ."

"ಮ್ಯಾನೇಜರ್‌ಗೆ ಹೇಳಬಹುದಿತ್ತಲ್ಲ?"

"ಅವರು ಕೇಳಬಹುದಿತ್ತಲ್ಲ? ಅನುಮಾನ ಬಂದ್ರ ಕೇಳಬೇಕು. ಕೇಳದ ಒಳಗ ಇಟಗೊಂಡ್ರ ಅದು ಅನುಮಾನ ಅಲ್ಲ, ಚಾಡಿ." ಹಾಗೆಂದು ಕಿಟಕಿಯ ಹೊರಗೆ ನೋಡಿದರು. ಆಮೇಲೆ, "ಕಸರಾನಿಗೆ ಹೊಡಿ ಅಂತ ಹೇಳು" ಎಂದರು.

ವಿಮಾನ ನಿಲ್ದಾಣ ಇರುವುದು ಬೇರೆ ದಿಕ್ಕಿಗೆ ಎಂದು ಡ್ರೈವರ್ ಗೊಣಗುತ್ತಲೇ ಕಾರು ತಿರುಗಿಸಿದ.

ಎರಡನೆಯ ಕಮಾನಿನ ಗುಂಡಿಯಲ್ಲಿ ಮುಟುವಾ ಕಬ್ಬಿಣ ಕಟ್ಟಿ ಬೋಲ್ಟು ನಿಲ್ಲಿಸಿದ್ದ. ಕಾಂಕ್ರೀಟ್ ಇನ್ನೂ ಹಾಕಿರಲಿಲ್ಲ. ನಮ್ಮನ್ನು ಕಂಡು ಮುಖ ತಿರುಗಿಸಿದ. ಮೇಡಂ ಗುಂಡಿಯ ಅಂಚಿನಲ್ಲಿ ನಿಂತರು. ಇಳಿಯುವ ಅಧಿಕಾರ ಅವರಿಗೆ ಈಗ ಇರಲಿಲ್ಲ, ಇಳಿಯಲೂ ಇಲ್ಲ. ಬಹಳ ಹೊತ್ತಾಯಿತು. ಕೊನೆಗೆ ಮುಟುವಾ ಏಣಿಯನ್ನು ತಂದು ಅವರ ಕಾಲ ಬಳಿ ಒರಗಿಸಿದ.

ಪ್ರಯಾಣಕ್ಕೆಂದು ಉಟ್ಟಿದ್ದ ಇಳಕಲ್ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಅವರು ಇಳಿದರು. ಒಂದೊಂದೇ ಬೋಲ್ಟನ್ನು ಹಿಡಿದು ಅಲುಗಿಸಿ ನೋಡಿದರು. ಮೇಲೆ ಬಂದು ಕೈ ಕೊಡವಿಕೊಂಡು, "ಚೊಲೋ ಐತಿ" ಎಂದರು.

ಚೆನ್ನಾಗಿದೆಯಂತೆ ಎಂದು ನಾನು ಮುಟುವಾನಿಗೆ ಹೇಳಿದೆ. ಅವನ ಹುಬ್ಬು ಗಂಟಾಯಿತು. ಅವರನ್ನೊಮ್ಮೆ, ಕಾರಿನಲ್ಲಿದ್ದ ಸೂಟ್‌ಕೇಸನ್ನೊಮ್ಮೆ ನೋಡಿ ನನ್ನ ಕಿವಿಯ ಹತ್ತಿರ ಕೇಳಿದ: "ನಿಜವಾಗಿ ನೋಡಿ ಹೇಳಿದರಾ, ಇಲ್ಲ ಊರಿಗೆ ಹೊರಟಿದ್ದೀನಿ ಅಂತ ಸುಮ್ಮನೆ ಹೇಳಿದರಾ?"

"ಏನಂತಾನ?" ಎಂದರು ಮೇಡಂ.

ನಾನು ಹಾಗೇ ಹೇಳಿದೆ. ಅವರು ನಕ್ಕರು. ಅಷ್ಟು ದಿನದಲ್ಲಿ ಅವರು ಹಾಗೆ ಬಾಯ್ತುಂಬ ನಕ್ಕದ್ದನ್ನು ನಾನು ಕಂಡಿರಲಿಲ್ಲ. ಹೊತ್ತಾಯಿತು ಎಂದು ಡ್ರೈವರ್ ಕೂಗುತ್ತಿದ್ದ. ಮೇಡಂ ಚಪ್ಪಲಿ ಬಿಟ್ಟು, ಸೆರಗನ್ನು ಸೊಂಟಕ್ಕೆ ಬಿಗಿದು, ಮತ್ತೆ ಏಣಿಯಿಂದ ಇಳಿದರು. ಈ ಸಲ ಅವರ ಹಿಂದೆಯೇ ಮುಟುವಾನೂ ಇಳಿದ.