ನಾಲ್ಕು ನಿಂಬೆಹಣ್ಣು

ಅಡುಗೆಮನೆಗಿಂತ ರೇಷ್ಮೆ ಸಾಕುವ ಹುಳುಮನೆಯೇ ದೊಡ್ಡದಾಗಿದ್ದ ಕಾಲವದು. ಆ ದಿನ ಅಮ್ಮ ಅಂಗಳ ಗುಡಿಸಿ ಸಗಣಿನೀರು ಹಾಕಿದಳು, ಹಸು ಕರೆದಳು, ಒಣಗಿದ ಹಿಪ್ಪುನೇರಳೆ ಕಡ್ಡಿಯನ್ನು ಒಲೆಗೆ ತುರುಕಿ ಒಬ್ಬಟ್ಟಿಗೆ ಬೇಳೆ ಇಟ್ಟಳು. ನಾನು ನೀರು ತಂದೆ, ತಮ್ಮ ಸೀನನ ತಲೆಗೆ ಎಣ್ಣೆ ತಟ್ಟಿದೆ, ರೇಷ್ಮೆಗೂಡಿನ ಮೇಲಿನ ಸಡಿಲ ನೂಲಿನ ಜುಂಗು ಕೀಳಲು ಕುಳಿತೆ. ಅಪ್ಪ ನಾಲ್ಕು ನಿಂಬೆಹಣ್ಣು ತೊಳೆದು ಒರೆಸಿ ಕಿಟಕಿಯಲ್ಲಿಟ್ಟರು.

ಹಿಂದಿನ ಎರಡು ಬೆಳೆಯೂ ರೋಗ ಬಂದು ತಿಪ್ಪೆ ಸೇರಿತ್ತು. ಈ ಸಲದ ಹುಳುಗಳಿಗೆ ಅಮ್ಮ ರಾತ್ರಿಯೆಲ್ಲಾ ಎದ್ದೆದ್ದು ಸೊಪ್ಪು ಹಾಕಿದ್ದಳು. ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಮಲಗುವವಳು ಅವಳು. ಮಲಗಿದಳೋ ಇಲ್ಲವೋ ನಮಗೆ ಗೊತ್ತಾಗುತ್ತಿರಲಿಲ್ಲ. ಗೂಡು ಬಂಗಾರದ ಬಣ್ಣಕ್ಕೆ ಬಂದಿತ್ತು. ಆದರೆ ಗೂಡು ಕಾಯುವ ವಸ್ತುವಲ್ಲ. ಒಳಗಿನ ಹುಳು ಚಿಟ್ಟೆಯಾಗಿ ತೂತು ಕೊರೆದು ಹೊರಬಂದರೆ ನೂಲು ತುಂಡಾಗುತ್ತದೆ, ಆಮೇಲೆ ಅದನ್ನು ಮೂಸುವವರಿಲ್ಲ. ಅಷ್ಟರೊಳಗೆ ಅದು ಮಾರ್ಕೆಟ್ಟು ಸೇರಬೇಕು.

ನಮ್ಮೂರು ಗೌನಿಪಲ್ಲಿಯಿಂದಲೂ ಒಳಗೆ. ಊರಿಗೂ ಟಾರು ರಸ್ತೆಗೂ ನಡುವೆ ಒಂದು ಮರಳು ಹಳ್ಳ. ಅಪ್ಪ ಜೋಡಿ ಎತ್ತು ಮಾರಿ ಹಳೆಯ ಪಿಕಪ್ ಗಾಡಿ ತಂದಿದ್ದರು. ಅದರ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಇಂಜಿನ್ನಿನ ಬಲ. ಹಳ್ಳಕ್ಕಿಳಿದರೆ ಅವೆರಡೂ ಗಿರಗಿರ ತಿರುಗಿ ಮರಳಲ್ಲಿ ಗುಂಡಿ ತೋಡಿಕೊಂಡು ಕೂರುತ್ತಿದ್ದವು. ಊರವರೆಲ್ಲ ಬಂದು ನೂಕಬೇಕು, ನೂಕಿದವರ ಮಾತನ್ನು ವಾರವೆಲ್ಲ ಕೇಳಬೇಕು. ಮಿಲಿಟರಿ ಜೀಪಿಗೆ ನಾಲ್ಕೂ ಚಕ್ರ ಎಳೆಯುತ್ತವೆ ಎಂದು ಯಾರೋ ಹೇಳಿದ್ದೇ ಸರಿ, ಅಪ್ಪ ಗುಜರಿಯಿಂದ ಅಂಥ ಜೀಪಿನ ಮುಂದಿನ ಆಕ್ಸಲ್ಲನ್ನೂ ಒಂದು ಹೆಚ್ಚುವರಿ ಗೇರ್ ಪೆಟ್ಟಿಗೆಯನ್ನೂ ಹೊರಿಸಿಕೊಂಡು ಬಂದರು. ಮುಳಬಾಗಿಲಿನಿಂದ ಮೆಕ್ಯಾನಿಕ್ ಬಾಷಾ ಮಾಮ ಬಂದು ಗಾಡಿಯನ್ನು ನಮ್ಮ ಅಂಗಳದಲ್ಲಿ ಕಲ್ಲಿನ ಮೇಲೇರಿಸಿದ.

ಆ ಬೇಸಿಗೆಯೆಲ್ಲ ನಮ್ಮ ಆಟ ಆ ಗಾಡಿಯಲ್ಲೇ. ಸೀನ ಸ್ಟಿಯರಿಂಗ್ ಹಿಡಿದರೆ ನಾನು ಕಂಡಕ್ಟರ್. ಟಿಕೇಟಿಗೆ ಹಿಪ್ಪುನೇರಳೆ ಎಲೆ. "ವಕ್ಕಲೇರಿ, ವಕ್ಕಲೇರಿ! ಯಾರ್ರೀ ಇಳಿಯೋರು?" ಎಂದು ಕೂಗಿ ಕೂಗಿ ಗಂಟಲು ಕಟ್ಟುತ್ತಿತ್ತು. ಗ್ರೀಸು, ಪೆಟ್ರೋಲಿನ ವಾಸನೆ ಹುಳುವಿಗಾಗದೆಂದು ಅಮ್ಮ ಹುಳುಮನೆಯ ಬಾಗಿಲಿಗೆ ಒದ್ದೆ ಗೋಣಿ ತೂಗುಬಿಟ್ಟಿದ್ದಳು. ಗಾಡಿ ಇವತ್ತು ಮುಗಿಯುತ್ತದೆ, ನಾಳೆ ಮುಗಿಯುತ್ತದೆ ಅನ್ನುತ್ತಲೇ ಗೂಡಿನ ದಿನವೂ ತುಂಬಿತ್ತು.

ಆ ಬೆಳಿಗ್ಗೆ ಹುಳುಮನೆಯ ಗೋಡೆಯ ಮೇಲೆ ಒಂದು ಬಿಳಿ ಚಿಟ್ಟೆ ಕುಳಿತಿತ್ತು. ಅಮ್ಮ ಅದನ್ನು ಅಂಗೈ ಮೇಲಿಟ್ಟುಕೊಂಡು ಬಂದು ಅಪ್ಪನಿಗೆ ತೋರಿಸಿದಳು.

"ನೋಡ್ರಿ, ಒಂದು ಬಂದೇಬಿಡ್ತು."

ಅದೇ ಹೊತ್ತಿಗೆ ಪಕ್ಕದ ಮನೆಯ ನಾರಾಯಣಪ್ಪ ತನ್ನ ಗೂಡು ಹೇರಿಕೊಂಡು ಬಾಗಿಲ ಮುಂದೆ ಎತ್ತಿನಗಾಡಿ ನಿಲ್ಲಿಸಿದ.

"ಏಮಯ್ಯಾ, ನಿನ್ನ ಗೂಡೂ ಹಾಕು. ಜಾಗ ಐತೆ."

"ನೀನು ನಡಿಯಪ್ಪ. ನೀನು ಹಳ್ಳ ದಾಟೋದ್ರೊಳಗೆ ಹಾರನ್ ಹೊಡ್ಕೊಂಡು ನಿನ್ನ ಹಿಂದಾಕ್ತೀನಿ," ಎಂದರು ಅಪ್ಪ.

"ಎರಡು ಮಂಕರಿ ಗೂಡನ್ನಾದ್ರೂ ಕಳ್ಸೋಣ ಕಣ್ರೀ," ಎಂದಳು ಅಮ್ಮ.

"ಎತ್ತು ಮಾರಿ ಗಾಡಿ ಮಾಡಿರೋನು, ಇನ್ನೊಬ್ಬನ ಎತ್ತಿನ ಹಿಂದೆ ಕಳಿಸ್ಲಾ?"

ಅಮ್ಮ ನಾರಾಯಣಪ್ಪನ ಗಾಡಿಯ ಗಂಟೆ ಸದ್ದು ಹಳ್ಳದ ಕಡೆ ಸರಿದು ಹೋಗುವವರೆಗೆ ಚಿಟ್ಟೆಯನ್ನು ಹಿಡಿದುಕೊಂಡೇ ನಿಂತಿದ್ದಳು.

ಬಾಷಾ ಮಾಮ ಕೊನೆಯ ಬೋಲ್ಟ್ ಬಿಗಿದು ಮೇಲೆದ್ದ. "ಅಣ್ಣಾ, ಕಲ್ಲಿನ ಮೇಲೇ ಒಂದ್ಸಲ ಚಕ್ರ ತಿರುಗ್ಸಿ ನೋಡೋಣ."

"ಆಮೇಲೆ ನೋಡು ಮಾರಾಯ. ರಾಹುಕಾಲ ಬಂದ್ಬಿಡ್ತದೆ, ಇಳಿಸು."

ಇಳಿಸಿದರು. ಗೂಡಿನ ಮಂಕರಿಗಳನ್ನೆಲ್ಲ ಹೇರಿದರು. ನಮ್ಮೂರಲ್ಲಿ ಎಲ್ಲರ ಗಾಡಿಗೂ ಪೂಜೆಗೆ ಎರಡೇ ನಿಂಬೆಹಣ್ಣು. ನಮ್ಮದಕ್ಕೆ ನಾಲ್ಕೂ ಚಕ್ರದಡಿಗೆ. ಕರ್ಪೂರ ಬೆಳಗಿತು. ಅಪ್ಪ ಮುಂದಿನ ಚಕ್ರಕ್ಕೂ ಬಲ ಕೊಡುವ ಹೊಸ ಲಿವರು ಎಳೆದು ಕ್ಲಚ್ ಬಿಟ್ಟರು.

ಗಾಡಿ ಮೈಯೆಲ್ಲ ನಡುಗಿತು, ಮುಂದೆ ಹೋಗಲಿಲ್ಲ. ಮುಂದೆ ನಿಂತಿದ್ದ ನನ್ನ ಕಾಲ ಬಳಿಗೆ ಒಂದು ನಿಂಬೆಹಣ್ಣು ಚಿಮ್ಮಿ ಬಂತು. ಹಿಂದಿನಿಂದ ಸೀನ ಕಿರುಚಿದ, "ಅಕ್ಕಾ, ನನ್ನ ಕಡೆ ಬಂತು!"

"ನನ್ನ ಕಡೇನೂ ಬಂತು ಕಣೋ!"

ನಾವಿಬ್ಬರೂ ಕುಣಿದೆವು. ಬಾಷಾ ಮಾಮ ಮಾತ್ರ ಎರಡು ಕೈಯನ್ನೂ ತಲೆಯ ಮೇಲಿಟ್ಟುಕೊಂಡ. ಹಿಂದಿನ ಚಕ್ರಗಳು ಮುಂದಕ್ಕೆ, ಮುಂದಿನವು ಹಿಂದಕ್ಕೆ ತಿರುಗುತ್ತಿದ್ದವು.

"ನಿಲ್ಸಣ್ಣಾ! ನಿಲ್ಸು!"

ಅಪ್ಪನಿಗೆ ಕೇಳಿಸಲಿಲ್ಲ, ಇನ್ನಷ್ಟು ತುಳಿದರು. ಗಾಡಿಯ ಹೊಟ್ಟೆಯಡಿ ಕಟಾರೆಂದು ಸದ್ದಾಗಿ, ಕಪ್ಪು ಎಣ್ಣೆ ರಂಗೋಲಿಯ ಮೇಲೆ ಹರಿಯಿತು.

"ಲೇ, ಮುಂದಿನ ಚಕ್ರ ಮಾಲೂರಿಗೆ, ಹಿಂದಿನ ಚಕ್ರ ಮುಳಬಾಗಿಲಿಗೆ ಹೊರಟವೆ ಕಣ್ರೋ!" ಎಂದು ಜಗಲಿಯಿಂದ ಯಾರೋ ಕೂಗಿದರು. ಜನ ನಕ್ಕರು. ಅಪ್ಪನೂ ನಗಲು ನೋಡಿದರು, ಆಗಲಿಲ್ಲ.

ಹೊಸ ಗೇರ್ ಪೆಟ್ಟಿಗೆಯ ಬಾಯಿ ಬಲಕ್ಕೆ, ಅದಕ್ಕೆ ಕೂಡಬೇಕಾದ ಆಕ್ಸಲ್ಲಿನ ಗೇರು ಗುಂಡು ಎಡಕ್ಕೆ. ಎರಡನ್ನೂ ಸೇರಿಸಲು ಆಕ್ಸಲ್ಲನ್ನೇ ಬುಡಮೇಲು ಮಗುಚಿ ಕೂರಿಸಿದ್ದರು. ಮಗುಚಿದ್ದು ತಿರುವುಮುರುವಾಗಿ ತಿರುಗದೆ ಇನ್ನೇನು ಮಾಡುತ್ತದೆ? ಈಗ ಪೆಟ್ಟಿಗೆಯೂ ಒಡೆದಿತ್ತು. ಟಾರು ರಸ್ತೆಗೆ ಬರುವ ಒಂದೇ ಬಸ್ಸೂ ಹೋಗಿಯಾಗಿತ್ತು. ನಾರಾಯಣಪ್ಪನ ಗಾಡಿ ಬರುವುದು ಕತ್ತಲಿಗೆ.

ಅಮ್ಮ ಮಂಕರಿಗಳನ್ನು ಒಂದೊಂದಾಗಿ ಇಳಿಸಿ ಒಳಗಿಟ್ಟಳು. ಅಪ್ಪ ಕೈ ಹಾಕಲು ಹೋದರೆ, "ಇರ್ಲಿ ಬಿಡಿ, ಕೈ ಗ್ರೀಸಾಗಿದೆ," ಎಂದಳು. ಬೈದಿದ್ದರೆ ಅಪ್ಪ ಬದುಕಿಕೊಳ್ಳುತ್ತಿದ್ದರು.

ಮಾರನೆಯ ಬೆಳಿಗ್ಗೆ ಗೋಡೆ, ತೊಲೆ, ದೇವರ ಪಟ, ಎಲ್ಲ ಕಡೆಯೂ ಚಿಟ್ಟೆ. ಹಾರಲು ಬಾರದ ಚಿಟ್ಟೆಗಳು, ರೆಕ್ಕೆ ಪಟಪಟ ಬಡಿಯುತ್ತಾ ಕುಳಿತಲ್ಲೇ ಸುತ್ತುತ್ತಿದ್ದವು. ಅಮ್ಮ ಮತ್ತೆ ಹುಳು ಸಾಕಲಿಲ್ಲ. ಸೊಪ್ಪು ಮೇಯುವ ಆ ಸರಸರ ಸದ್ದು ಮನೆಯಿಂದ ಹೋದದ್ದು ಹೋಯಿತು. ಈಗ ಆ ಹಳ್ಳದಲ್ಲಿ ನೀರಿಲ್ಲ. ಮರಳನ್ನೂ ಲಾರಿಗಳು ಹೊತ್ತುಕೊಂಡು ಹೋದವು. ಗಟ್ಟಿ ನೆಲ. ಎಂಥ ಹಳೆಯ ಗಾಡಿಯಾದರೂ ಎರಡೇ ಚಕ್ರದ ಬಲದಲ್ಲಿ ಸಲೀಸಾಗಿ ದಾಟುತ್ತದೆ. ದಾಟುವಾಗಲೆಲ್ಲ ನನ್ನ ಕಾಲು ಮಾತ್ರ ನೂಕಲು ಇಳಿಯಬೇಕೇನೋ ಎಂಬಂತೆ ಬಿಗಿಯುತ್ತದೆ.

ಗಾಡಿ ಕೆಟ್ಟ ಆ ರಾತ್ರಿ ಊಟಕ್ಕೆ, ಮಾರ್ಕೆಟ್ಟಿನಿಂದ ಬಂದ ಮೇಲೆ ತಿನ್ನಲೆಂದು ಮಾಡಿದ್ದ ಒಬ್ಬಟ್ಟು, ಅದರ ಸಾರು, ಅನ್ನ. ಅಮ್ಮ ಎಲ್ಲರಿಗೂ ತುಪ್ಪ ಹಾಕಿದಳು. ಬಾಷಾ ಮಾಮನ ಎಲೆಗೂ, ಅವನು ಬೇಡವೆಂದರೂ. ಅಪ್ಪ ಒಂದು ಒಬ್ಬಟ್ಟನ್ನೇ ಮುರಿಯುತ್ತಾ ಬಹಳ ಹೊತ್ತು ಕುಳಿತರು. ಅಮ್ಮನಿಗೆ ಇನ್ನು ರಾತ್ರಿ ಏಳಬೇಕಾದ ಕೆಲಸ ಯಾವುದೂ ಇರಲಿಲ್ಲ. ಅವತ್ತು ಎಲ್ಲರಿಗಿಂತ ಮೊದಲು ಮಲಗಿದವಳು ಅಮ್ಮ.